48 ಮರದ ಬಾತುಗಳು: ನೀರಿಗೋ, ಗಾಜಿನ ಕಪಾಟಿಗೋ?

ಹಳೇದೋಣಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪೋಸ್ಟ್ ಇದು. ಬಾತುಕೋಳಿ ಶಿಕಾರಿ ಅಂದರೆ ಆಗದವರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ.

ನಾನು ಮೇರಿಲ್ಯಾಂಡ್‌ಗೆ ಬಂದದ್ದು 1987ರಲ್ಲಿ. ಸಸ್ಕ್ವೆಹಾನಾ ನದಿ ಚೆಸಪೀಕ್ ಕೊಲ್ಲಿಗೆ ಸೇರುವ ಜಾಗದ ಹತ್ತಿರ ಮನೆ. ಪಕ್ಕದ ಮನೆಯಲ್ಲಿ ಒಬ್ಬ ಬಡಗಿ. ಆಗಲೇ ಅರವತ್ತು ದಾಟಿದ್ದರು. ನಾನು ಅವರನ್ನು ಅಜ್ಜ ಅಂತ ಕರೆಯುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರು ಬೇರೆ ಹೆಸರಿಗೆ ಓಗೊಡುವುದನ್ನೇ ಬಿಟ್ಟರು. ಮರುವರ್ಷ ಚಳಿಗಾಲದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕಿಟಕಿ ತಟ್ಟಿ, "ಸುಮ್ನೆ ಮಲಗಿ ಏನು ಮಾಡ್ತೀಯ, ಮೂಟೆ ಹೊರೋಕೆ ಬಾ" ಅಂದರು. ಅವತ್ತು ಹೋದವನು 35 ವರ್ಷ ಬಿಡಲಿಲ್ಲ.

ಆ ಮೂಟೆಗಳಲ್ಲಿ ಇದ್ದದ್ದು ಡಿಕಾಯ್, ಅಂದರೆ ಜೀವಂತ ಬಾತುಗಳನ್ನು ಸೆಳೆಯಲು ನೀರಿಗೆ ಬಿಡುವ ಮರದ ಬಾತುಗಳು. ಕೆಲವನ್ನು ಅಜ್ಜನ ಅಪ್ಪ ಕೆತ್ತಿದ್ದು, ಉಳಿದವು ಅಜ್ಜನದೇ ಕೈಕೆಲಸ. ಹೆಚ್ಚಿನವು ಕ್ಯಾನ್ವಾಸ್‌ಬ್ಯಾಕ್ ಅನ್ನುವ ಜಾತಿಯ ಬಾತಿನವು. ನಮ್ಮ ಕಡೆ ಬರೀ ಕ್ಯಾನ್ ಅನ್ನುತ್ತಾರೆ. ಆರು ವರ್ಷದ ಹಿಂದೆ ಅಜ್ಜ ತೀರಿಕೊಂಡರು. ಅವರ ಮಗಳು 48 ಬಾತುಗಳನ್ನೂ ತಂದು ನನ್ನ ಗ್ಯಾರೇಜಿನಲ್ಲಿ ಇಟ್ಟು ಹೋದರು. ಈಗ ನನ್ನ ಮಂಡಿ ಎರಡೂ ಹೋಗಿವೆ. ವೇಡರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆಯಲು ಆಗುವುದಿಲ್ಲ. ಹೋದ ತಿಂಗಳು ಒಬ್ಬ ಹಳೆ ಸಾಮಾನಿನ ವ್ಯಾಪಾರಿ ಬಂದು ನೋಡಿದ. "ಇದನ್ನೆಲ್ಲ ನೀರಿಗೆ ಬಿಡ್ತಿದ್ರಾ?" ಅಂತ ತಲೆ ಮೇಲೆ ಕೈ ಇಟ್ಟುಕೊಂಡ.

ಮಾರಲಾ? ಮ್ಯೂಸಿಯಂಗೆ ಕೊಡಲಾ? ಇಲ್ಲ, ಬಳಸುವವರಿಗೆ ಕೊಡಲಾ? ನನ್ನ ಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ, ಅದಕ್ಕೆ ಅವರನ್ನು ಬೈಯುವ ಹಾಗೂ ಇಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ಕೆಸರುಬೂಟು

ಸರ್, ಮಾರಬೇಡಿ. ಇಷ್ಟೇ ನನ್ನ ಉತ್ತರ. ನಾನು ಅರ್ಕನ್ಸಾದಲ್ಲಿ ಹದಿನೆಂಟು ವರ್ಷದಿಂದ ಮಲಾರ್ಡ್ ಬಾತು ಹೊಡೆಯುತ್ತಿದ್ದೇನೆ. ನೀರು ನಿಂತ ಓಕ್ ಕಾಡಿನಲ್ಲಿ ಮರಕ್ಕೆ ಒರಗಿ ನಿಂತು, ಕಾಲಿನಿಂದ ನೀರು ಕದಡಿ ಅಲೆ ಎಬ್ಬಿಸುತ್ತೇವೆ. ನಮ್ಮದೆಲ್ಲ ಪ್ಲಾಸ್ಟಿಕ್ ಬಾತು, ಡಜನ್ ಲೆಕ್ಕದಲ್ಲಿ ಬರುತ್ತವೆ. ಒಂದು ತೂತಾದರೆ ಬಿಸಾಡಿ ಇನ್ನೊಂದು. ಒಮ್ಮೆ ಒಬ್ಬರ ಹತ್ತಿರ ಮರದ್ದು ನೋಡಿದೆ. ಅದು ಅಲೆಯ ಮೇಲೆ ಕೂರುವ ರೀತಿಯೇ ಬೇರೆ. ಪ್ಲಾಸ್ಟಿಕ್ಕು ಕುಣಿಯುತ್ತದೆ. ಮರದ್ದು ಹಕ್ಕಿಯ ಹಾಗೆ ಭಾರವಾಗಿ ತೂಗುತ್ತದೆ.

ನಮ್ಮ ಕಡೆ ಉಳಿದಿರುವ ಸಂಪ್ರದಾಯ ಅಂದರೆ ಕೂಗು. ಸ್ಟಟ್‌ಗಾರ್ಟ್ ಊರಿನಲ್ಲಿ 1936ರಿಂದ ಬಾತಿನ ಹಾಗೆ ಕೂಗುವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಒಂದು ವಿಷಯ ಹೇಳಿದರೆ ಹೊಸಬರು ನಂಬುವುದಿಲ್ಲ. ಮಲಾರ್ಡ್‌ನಲ್ಲಿ ಜೋರಾಗಿ "ಕ್ವಾಕ್" ಅನ್ನುವುದು ಹೆಣ್ಣು ಮಾತ್ರ. ಗಂಡಿನದು ಗಂಟಲು ಕಟ್ಟಿದ ಹಾಗೆ ಮೆಲು ದನಿ. ನಾವು ಗಂಡಸರೆಲ್ಲ ವರ್ಷಗಟ್ಟಲೆ ಅಭ್ಯಾಸ ಮಾಡುವುದು ಹೆಣ್ಣಿನ ದನಿ!

ಉಳಿಸುತ್ತಿಗೆ

ಹಳೇದೋಣಿ ಅವರೇ, ದಯವಿಟ್ಟು ಮೊದಲು ಒಂದು ಕೆಲಸ ಮಾಡಿ. ತೊಳೆಯಬೇಡಿ, ಒರೆಸಬೇಡಿ, ಹೊಸ ಬಣ್ಣ ಹಚ್ಚಬೇಡಿ. ಎಲ್ಲವನ್ನೂ ತಿರುಗಿಸಿ ತಳದ ಫೋಟೋ ಹಾಕಿ.

ನಾನು ಹವ್ಯಾಸಕ್ಕೆ ಬಾತು ಕೆತ್ತುತ್ತೇನೆ. ನಿಮ್ಮ ಕಡೆಯ ಅಪ್ಪರ್ ಬೇ, ಅಂದರೆ ಕೊಲ್ಲಿಯ ಮೇಲ್ಭಾಗದ ಶೈಲಿಯೇ ನನಗೆ ಗುರು. ಸೀಡರ್ ಇಲ್ಲವೇ ಬಿಳಿ ಪೈನ್‌ನ ಗಟ್ಟಿ ಮೈ, ದುಂಡಗಿನ ತಳ, ತಳದ ಅಡಿಯಲ್ಲಿ ಭಾರ, ಮುಂದೆ ದಾರ ಕಟ್ಟಲು ಒಂದು ಬಳೆ. ರೆಕ್ಕೆಯ ಗರಿಗಳನ್ನು ಕೆತ್ತುವುದಿಲ್ಲ, ಬಣ್ಣದಲ್ಲೇ ಸೂಚಿಸಿ ಬಿಡುತ್ತಾರೆ. ಯಾಕೆಂದರೆ ಅದು ಶೋಕೇಸಿಗೆ ಮಾಡಿದ್ದಲ್ಲ. ಹಾವ್ರ್ ಡಿ ಗ್ರೇಸ್ ಊರಿನ ಮ್ಯಾಡಿಸನ್ ಮಿಚೆಲ್ ಅವರ ಹೆಸರು ನೀವು ಕೇಳಿರಬೇಕು. ವೃತ್ತಿಯಲ್ಲಿ ಅವರು ಶವಸಂಸ್ಕಾರದ ವ್ಯವಸ್ಥೆ ಮಾಡುವವರು. ಉಳಿದ ಹೊತ್ತಿನಲ್ಲಿ ಬಾತು. ಕೊಲ್ಲಿಯ ಕೆಳಗಡೆ ಕ್ರಿಸ್‌ಫೀಲ್ಡ್‌ನ ಲೆಮ್ ಮತ್ತು ಸ್ಟೀವ್ ವಾರ್ಡ್ ಅಣ್ಣತಮ್ಮಂದಿರು ಕ್ಷೌರಿಕರು. ಗಿರಾಕಿ ಇಲ್ಲದಾಗ ಕೆತ್ತುತ್ತಿದ್ದರು. ಯಾರೂ ಕಲೆ ಅಂದುಕೊಂಡು ಶುರು ಮಾಡಿದ್ದಲ್ಲ.

ಆ ವ್ಯಾಪಾರಿ ತಲೆ ಮೇಲೆ ಕೈ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಡಿಕಾಯ್‌ಗಳು 2007ರಲ್ಲಿ ತಲಾ 11.3 ಲಕ್ಷ ಡಾಲರಿಗೆ ಹೋದವು. ನಿಮ್ಮವು ಅಷ್ಟು ಬಾಳುತ್ತವೆ ಅಂತ ಹೇಳುತ್ತಿಲ್ಲ. ಆದರೆ ಮೂಲ ಬಣ್ಣ ಉಳಿದಿದ್ದರೆ ಬೆಲೆ, ಮೇಲೆ ಬಳಿದಿದ್ದರೆ ಅರ್ಧಕ್ಕರ್ಧ ಹೋಯಿತು. ನನ್ನ ಓಟು ಮ್ಯೂಸಿಯಂಗೆ.

ಹಳೇದೋಣಿ

ಅಯ್ಯೋ ಉಳಿಸುತ್ತಿಗೆ, ಹಾಗಾದರೆ ಕಥೆ ಮುಗಿಯಿತು. ಅಜ್ಜ ಪ್ರತಿ ಬೇಸಿಗೆಯಲ್ಲಿ ಎಲ್ಲದಕ್ಕೂ ಬಣ್ಣ ಬಳಿಯುತ್ತಿದ್ದರು. ಮೈಗೆ ಬಿಳಿ, ಎದೆಗೆ ಕಪ್ಪು, ತಲೆಗೆ ಒಂಥರಾ ಇಟ್ಟಿಗೆ ಕೆಂಪು. ಹೊಳಪು ಬರಬಾರದು ಅಂತ ಬಣ್ಣ ಪೂರ್ತಿ ಒಣಗುವ ಮುಂಚೆ ಹಳೇ ಬಟ್ಟೆಯಲ್ಲಿ ತಟ್ಟುತ್ತಿದ್ದರು. ಒಂದೊಂದರ ಮೇಲೂ ಎಷ್ಟು ಪದರ ಇದೆಯೋ, ದೇವರಿಗೇ ಗೊತ್ತು.

ಬೆಳಗಿನಮಂಜು

ನಾನು ಶಿಕಾರಿಯವಳಲ್ಲ, ಹಕ್ಕಿಗಳ ಫೋಟೋ ತೆಗೆಯುವವಳು. ಚಳಿಗಾಲದಲ್ಲಿ ಬ್ಲ್ಯಾಕ್‌ವಾಟರ್ ರಕ್ಷಿತ ತಾಣಕ್ಕೆ ಹೋಗುತ್ತಿರುತ್ತೇನೆ. ಸರ್, ನಿಮ್ಮ ಅಜ್ಜನ ಬಗ್ಗೆ ಓದಿ ಖುಷಿಯಾಯಿತು. ಆದರೆ ನೇರವಾಗಿ ಕೇಳುತ್ತೇನೆ. ಮರದ ಬಾತು ಚೆಂದ, ಸರಿ. ಅದನ್ನು ನೀರಿಗೆ ಬಿಡುವುದು ಜೀವ ಇರುವ ಬಾತನ್ನು ಮೋಸ ಮಾಡಿ ಕೊಲ್ಲುವುದಕ್ಕೆ ಅಲ್ವಾ? ಸಂಪ್ರದಾಯ ಅನ್ನುವ ಪದ ಹಾಕಿದರೆ ಅದು ಬದಲಾಗುತ್ತದಾ?

ಕೆಸರುಬೂಟು

ಮೇಡಂ, ಶಿಕಾರಿಯವರ ದುಡ್ಡಿನಿಂದಲೇ ಆ ತಾಣಗಳು ಉಳಿದಿರುವುದು. 1934ರಿಂದ ಡಕ್ ಸ್ಟಾಂಪ್ ಇದೆ. ಆಗ ಒಂದು ಡಾಲರ್, ಈಗ 25. ಹದಿನಾರು ತುಂಬಿದ ಪ್ರತಿಯೊಬ್ಬ ಬಾತು ಶಿಕಾರಿಯವನೂ ಕೊಳ್ಳಲೇಬೇಕು. ಅದರಲ್ಲಿ ಡಾಲರಿಗೆ 98 ಸೆಂಟ್ ಜವುಗು ಜಾಗ ಉಳಿಸುವುದಕ್ಕೆ ಹೋಗುತ್ತದೆ. ಫೋಟೋದವರು ಎಷ್ಟು ಕೊಡುತ್ತಾರೆ?

ಬೆಳಗಿನಮಂಜು

ನಾನೂ ಪ್ರತಿ ವರ್ಷ ಸ್ಟಾಂಪ್ ಕೊಳ್ಳುತ್ತೇನೆ ಸ್ವಾಮಿ. ಅದನ್ನು ತೋರಿಸಿದರೆ ಅಂಥ ತಾಣಗಳಿಗೆ ಟಿಕೆಟ್ ಇಲ್ಲದೆ ಬಿಡುತ್ತಾರೆ. ದುಡ್ಡಿನ ಲೆಕ್ಕ ಕೇಳಲಿಲ್ಲ ನಾನು.

ಹಳೇದೋಣಿ

ಕೆಸರುಬೂಟು, ಸ್ವಲ್ಪ ತಾಳಿ. ಬೆಳಗಿನಮಂಜು ಕೇಳಿದ್ದು ಸರಿಯಾದ ಪ್ರಶ್ನೆ. ಸ್ಟಾಂಪ್ ತೋರಿಸಿ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ದುಡ್ಡು ಕೊಟ್ಟೆ ಅಂತ ಚರೆ ತಗುಲಿದ ಹಕ್ಕಿಗೆ ನೋವು ಕಮ್ಮಿ ಆಗುವುದಿಲ್ಲ.

ಒಂದು ಸಲ ದೂರದ ಈಡು ಹೊಡೆದೆ. ಹೊಡೆಯಬಾರದಿತ್ತು. ಬ್ಲೂಬಿಲ್ ಅನ್ನುವ ಬಾತೊಂದು ರೆಕ್ಕೆ ಮುರಿದು ಬಿತ್ತು, ಮುಳುಗಿತು. ಆ ಜಾತಿ ಗಾಯವಾದರೆ ಮುಳುಗಿ ಬಹಳ ದೂರ ಹೋಗಿ ಏಳುತ್ತದೆ, ಬರೀ ಕೊಕ್ಕು ಮಾತ್ರ ನೀರ ಮೇಲೆ. ಅಜ್ಜನ ನಾಯಿ ಚೆಸಪೀಕ್ ರಿಟ್ರೀವರ್. ಒರಟು ಎಣ್ಣೆ ಮೈ, ಮಂಜುಗಡ್ಡೆ ಒಡೆದುಕೊಂಡು ಈಜುವ ಪ್ರಾಣಿ. ಅದಕ್ಕೂ ಸಿಗಲಿಲ್ಲ. ಅಜ್ಜ ಬೈಯಲಿಲ್ಲ. ನನ್ನ ಕೋವಿ ಇಸಿದುಕೊಂಡು ತೋಟೆ ತೆಗೆದು, ಕೇಸಿಗೆ ಹಾಕಿ ಜಿಪ್ ಎಳೆದರು. ದಿನಕ್ಕೆ ಇಷ್ಟೇ ಹಕ್ಕಿ ಅನ್ನುವ ಮಿತಿಯಲ್ಲಿ ಅದನ್ನೂ ಒಂದು ಅಂತ ಲೆಕ್ಕ ಹಿಡಿದರು. ಸಂಜೆವರೆಗೆ ದೋಣಿಯಲ್ಲಿ ಹುಡುಕಿದೆವು. ಇವತ್ತಿಗೂ ಆ ಜಾಗದಲ್ಲಿ ಹೋದರೆ ನನ್ನ ಕಣ್ಣು ನೀರ ಮೇಲೆ ಕೊಕ್ಕು ಹುಡುಕುತ್ತದೆ.

ಇನ್ನೊಂದು ಬೆಳಗ್ಗೆಯ ಕಥೆ. ನಾನು ಶುರು ಮಾಡಿದ ವರ್ಷಗಳಲ್ಲಿ ಕ್ಯಾನ್ ಹೊಡೆಯುವುದು ನಮ್ಮಲ್ಲಿ ಪೂರ್ತಿ ನಿಷೇಧ. ಹಕ್ಕಿ ಅಷ್ಟು ಕಮ್ಮಿಯಾಗಿತ್ತು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಬಂದು ನದಿಯ ಕೆಸರನ್ನೆಲ್ಲ ತಂದು ಸುರಿಯಿತು. ನದಿ ಕೊಲ್ಲಿಗೆ ಸೇರುವಲ್ಲಿನ ಆಳವಿಲ್ಲದ ಜಾಗ ಸಸ್ಕ್ವೆಹಾನಾ ಫ್ಲ್ಯಾಟ್ಸ್; ಅಲ್ಲಿ ಮೊದಲೇ ಸೊರಗಿದ್ದ ನೀರಹುಲ್ಲು ಸರ್ವನಾಶ ಆಯಿತು. ಕ್ಯಾನ್‌ಗಳು ಇಲ್ಲಿಗೆ ಬರುತ್ತಿದ್ದದ್ದೇ ಆ ಹುಲ್ಲಿನ ಬುಡ ತಿನ್ನುವುದಕ್ಕೆ. ಅಜ್ಜನ ಹತ್ತಿರ ಇದ್ದದ್ದು ಕ್ಯಾನ್ ಬಾತುಗಳೇ ತಾನೇ, ಅವನ್ನೇ ಬಿಟ್ಟು ಬ್ಲೂಬಿಲ್‌ಗೆ ಕಾಯುತ್ತಿದ್ದೆವು. ಬ್ಲೂಬಿಲ್‌ಗಳು ಅವಕ್ಕೂ ಇಳಿಯುತ್ತವೆ.

ಅವತ್ತು ಬಂದದ್ದು ಬ್ಲೂಬಿಲ್ ಅಲ್ಲ. ಹದಿನೈದಿಪ್ಪತ್ತು ಕ್ಯಾನ್. ಗಾಳಿಗೆ ಎದುರಾಗಿ, ಕಾಲು ಮುಂದೆ ಚಾಚಿ, ನಾವು ಖಾಲಿ ಬಿಟ್ಟಿದ್ದ ಜಾಗಕ್ಕೆ ಸರಿಯಾಗಿ ಇಳಿದವು. ಬಿಳಿ ಬೆನ್ನು, ಇಳಿಜಾರು ಹಣೆ. ನನ್ನ ಕೈ ಕೋವಿಯ ಮೇಲೆ ಹೋಗಿತ್ತು. ಅಜ್ಜ ನಳಿಗೆಯ ಮೇಲೆ ಅಂಗೈ ಇಟ್ಟರು. ಗ್ಲೌಸ್ ಇರಲಿಲ್ಲ ಅವರಿಗೆ. ಹಕ್ಕಿಗಳು ಮರದ ಬಾತುಗಳ ನಡುವೆ ಓಡಾಡಿದವು. ಒಂದು ಗಂಡು ಅಜ್ಜನ ಅಪ್ಪ ಮಾಡಿದ ಬಾತಿನ ಎದುರು ನಿಂತು ಕತ್ತು ಓರೆ ಮಾಡಿ ನೋಡಿತು. ಹತ್ತು ನಿಮಿಷ ಇರಬಹುದು. ಹೋದ ಮೇಲೆ ಅಜ್ಜ, "ಆಯಿತು, ಎತ್ತು" ಅಂದರು. ಒಂದೂ ಈಡು ಹೊಡೆಯದೆ ಮನೆಗೆ ಬಂದೆವು. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಿಲ್ಲ.

ಇದು ನಿಮಗೆ ಉತ್ತರ ಆಗುತ್ತದೋ ಇಲ್ಲವೋ ಗೊತ್ತಿಲ್ಲ ತಾಯಿ. ನಾನು ಹಕ್ಕಿ ಕೊಂದಿದ್ದೇನೆ, ಇಲ್ಲ ಅನ್ನುವುದಿಲ್ಲ. ನನಗೆ ಕಲಿಸಿದ ಸಂಪ್ರದಾಯದಲ್ಲಿ ಯಾವಾಗ ಹೊಡೆಯಬಾರದು ಅನ್ನುವ ಪಾಠವೇ ಜಾಸ್ತಿ ಇತ್ತು, ಅಷ್ಟೇ.

ಬೆಳಗಿನಮಂಜು

ಉತ್ತರ ಅಂತ ಒಪ್ಪುವುದಿಲ್ಲ. ಆದರೆ ಎರಡು ಸಲ ಓದಿದೆ.

ಹಾಳೆಹುಳು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಕೋವಿ ಮುಟ್ಟಿದವನಲ್ಲ, ಹಳೇ ಪುಸ್ತಕ ಓದುವವನು. ಡಿಕಾಯ್‌ಗೆ ಹಳಗನ್ನಡದಲ್ಲೇ ಒಂದು ಪದ ಇದೆ ಗೊತ್ತಾ? ದೀವ, ದೀಹ. ಬೇಟೆಯಲ್ಲಿ ಬೇರೆ ಮೃಗಗಳನ್ನು ಸೆಳೆಯುವುದಕ್ಕೆ ಬಿಡುವ ಪಳಗಿದ ಪ್ರಾಣಿ. ಮರದ ಬಾತಿಗೂ ಹೊಂದುತ್ತದೆ ಅನ್ನಿಸಿತು.

ಇನ್ನೊಂದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬಾತುಗಳು ಸಿಕ್ಕವು. ಸುಮಾರು ಎರಡು ಸಾವಿರ ವರ್ಷ ಹಳೆಯವು. ಅವೂ ಕ್ಯಾನ್ವಾಸ್‌ಬ್ಯಾಕ್! ಬಣ್ಣ ಬಳಿದು, ಗರಿ ಸಿಕ್ಕಿಸಿ ಮಾಡಿದ್ದು. ಅಂದರೆ ಈ ಕಸುಬು ಬಿಳಿಯರು ಬರುವುದಕ್ಕೆ ಎಷ್ಟೋ ಮುಂಚೆ ಅಲ್ಲಿನ ಮೂಲ ಜನರದ್ದು.

ಹಳೇದೋಣಿ

ದೀಹ! ಎಂಥ ಪದ ಕೊಟ್ಟಿರಿ ಮಾರಾಯರೇ. ಇನ್ನು ಮೇಲೆ ನಾನು ಡಿಕಾಯ್ ಅನ್ನುವುದಿಲ್ಲ.

ಕೆಸರುಬೂಟು

ಬೆಳಗಿನಮಂಜು ಮೇಡಂ, ನಿನ್ನೆ ಸ್ವಲ್ಪ ಜೋರಾಯಿತು, ಕ್ಷಮಿಸಿ.

ಹಳೇದೋಣಿ ಸರ್, ನಿಮ್ಮ ಅಜ್ಜನ ಅಪ್ಪ ಸಿಂಕ್‌ಬಾಕ್ಸ್ ಬಳಸಿದ್ದರಾ? ಅದರ ಬಗ್ಗೆ ಬರೆಯಿರಿ. ಅವೆಲ್ಲ ನಿಂತು ಹೋದದ್ದು ಬೇಜಾರಿನ ವಿಷಯ.

ಹಳೇದೋಣಿ

ಬಳಸಿದ್ದರಂತೆ. ಶವಪೆಟ್ಟಿಗೆಯ ಹಾಗಿನ ಮರದ ಪೆಟ್ಟಿಗೆ. ನೀರಿನ ಮಟ್ಟಕ್ಕೆ ಮುಳುಗಿಸಿ, ಅದರೊಳಗೆ ಅಂಗಾತ ಮಲಗುವುದು. ಸುತ್ತ ಚಪ್ಪಟೆಯಾಗಿ ತೇಲುವ ರೆಕ್ಕೆ. ಅದರ ಮೇಲೆ ಎರಕದ ಕಬ್ಬಿಣದ ದೀಹಗಳು, ಭಾರಕ್ಕೂ ಆಯಿತು, ಮೋಸಕ್ಕೂ ಆಯಿತು. ಸುತ್ತ ನೂರಾರು ಮರದ ದೀಹ. ಹಕ್ಕಿಗೆ ಮನುಷ್ಯ ಕಾಣುವುದೇ ಇಲ್ಲ. ಸಂಜೆಗೆ ಹಕ್ಕಿ ಪೀಪಾಯಿಗಳಲ್ಲಿ ತುಂಬಿ ಬಾಲ್ಟಿಮೋರ್‌ಗೆ ಕಳಿಸುತ್ತಿದ್ದರು, ಹೋಟೆಲುಗಳಿಗೆ.

ನಿಂತು ಹೋದದ್ದಕ್ಕೆ ನನಗೆ ಬೇಜಾರಿಲ್ಲ. 1918ರ ಕಾನೂನಿನಿಂದ ಹಕ್ಕಿ ಮಾರುವುದು ನಿಂತಿತು. 1935ರಲ್ಲಿ ಸಿಂಕ್‌ಬಾಕ್ಸ್, ಜೀವಂತ ಬಾತನ್ನು ಕಟ್ಟಿ ಕೂಗಿಸುವುದು, ಕಾಳು ಚೆಲ್ಲಿ ಹೊಡೆಯುವುದು, ಮೂರೂ ಹೋದವು. ಅಜ್ಜನ ಅಪ್ಪ ಸಾಯುವ ತನಕ ಸರ್ಕಾರವನ್ನು ಬೈದರಂತೆ. ಅಜ್ಜ ಬೈಯಲಿಲ್ಲ. ಆದರೆ ಅವರ ಸರದಿ 1991ಕ್ಕೆ ಬಂತು. ದೇಶಪೂರ್ತಿ ಬಾತು ಶಿಕಾರಿಗೆ ಸೀಸದ ಚರೆ ಬಂದ್. ಬಿದ್ದ ಚರೆಯನ್ನು ಹಕ್ಕಿಗಳು ಕಲ್ಲುಹರಳು ಅಂದುಕೊಂಡು ನುಂಗುತ್ತವೆ, ವಿಷ ಏರಿ ಸಾಯುತ್ತವೆ. ಉಕ್ಕಿನ ಚರೆ ಬಂತು. ಉಕ್ಕು ಹಗುರ, ಎರಡು ನಂಬರ್ ದಪ್ಪದ್ದು ಹಾಕಬೇಕು, ಹತ್ತಿರ ಬರುವ ತನಕ ಕಾಯಬೇಕು. ಅವರ ಅಪ್ಪನ ಕೋವಿಗೆ ಉಕ್ಕು ಹಾಕಿದರೆ ನಳಿಗೆ ಹಾಳು. ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟರು. ಅವತ್ತು ಮಾತ್ರ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹೊಸ ಕೋವಿ ಕೊಂಡರು.

ಅದಕ್ಕೇ ಸಂಪ್ರದಾಯ ಉಳಿಸಬೇಕು ಅಂತ ಯಾರಾದರೂ ಅಂದಾಗ ನನಗೆ ಗೊಂದಲ. ಯಾವುದನ್ನು?

ಹೊಸಬ

ನಮಸ್ತೆ ಅಂಕಲ್. ನನಗೆ 24. ಬಾಲ್ಟಿಮೋರ್ ಹತ್ತಿರ ಕೆಲಸ ಮಾಡುತ್ತೇನೆ. ಇದನ್ನೆಲ್ಲ ಓದಿ ಕಲಿಯಬೇಕು ಅನ್ನಿಸುತ್ತಿದೆ, ಆದರೆ ನಮ್ಮ ಮನೆಯಲ್ಲಿ ಯಾರೂ ಶಿಕಾರಿ ಮಾಡಿದವರಿಲ್ಲ. ಎಲ್ಲಿಂದ ಶುರು ಮಾಡಲಿ? ಕೋವಿ ಯಾವುದು ತಗೊಳ್ಳಲಿ?

ಕೆಸರುಬೂಟು

ತಮ್ಮಾ, ಕೋವಿ ಕೊನೆಗೆ. ಮೊದಲು ಹಂಟರ್ ಸೇಫ್ಟಿ ಕೋರ್ಸ್ ಮುಗಿಸು, ಅದಿಲ್ಲದೆ ಲೈಸೆನ್ಸ್ ಇಲ್ಲ. ಆಮೇಲೆ ಸ್ಟಾಂಪ್. ಆಮೇಲೆ ಹಕ್ಕಿ ಗುರುತು ಹಿಡಿಯುವುದು. ದಿನದ ಮಿತಿ ಜಾತಿಗೊಂದು ಥರ, ವರ್ಷಕ್ಕೊಂದು ಥರ ಇರುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯಿಂದ ಹೊಡೆಯಬಹುದು. ಆ ಮಬ್ಬಿನಲ್ಲಿ ಹಾರುವ ಹಕ್ಕಿಯನ್ನು ರೆಕ್ಕೆ ಬಡಿತದಲ್ಲೇ ಗುರುತಿಸಬೇಕು. ಗೊತ್ತಾಗಲಿಲ್ಲವಾ, ಹೊಡೆಯಬೇಡ.

ಮತ್ತೆ ಲೈಫ್ ಜಾಕೆಟ್. ನಗಬೇಡ. ಜನವರಿ ನೀರಿಗೆ ಬಿದ್ದರೆ ಈಜು ಬಂದರೂ ಕೈಕಾಲು ಕೆಲವೇ ನಿಮಿಷದಲ್ಲಿ ಮರಗಟ್ಟುತ್ತವೆ.

ಬೆಳಗಿನಮಂಜು

ಹಕ್ಕಿ ಗುರುತಿಸುವುದನ್ನು ನಾನು ಕಲಿಸುತ್ತೇನೆ. ಬೈನಾಕ್ಯುಲರ್ ತಗೊಂಡು ಬ್ಲ್ಯಾಕ್‌ವಾಟರ್‌ಗೆ ಬಾ. ಆಮೇಲೂ ಕೋವಿ ಬೇಕು ಅನ್ನಿಸಿದರೆ ಅದು ನಿನ್ನಿಷ್ಟ, ನಾನು ಪ್ರಯತ್ನ ಬಿಡುವುದಿಲ್ಲ :)

ಉಳಿಸುತ್ತಿಗೆ

ನಾನು ಮೊದಲು ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹಳೇದೋಣಿ ಅವರು ಕಳಿಸಿದ ಫೋಟೋ ನೋಡಿದೆ. ಬಣ್ಣದ ಪದರ ಎಷ್ಟಿದೆ ಅಂದರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ. ಆದರೆ ಅಜ್ಜನ ಅಪ್ಪನ ಕೈಯವು ಯಾವುವು ಅಂತ ತಲೆ ನೋಡಿದರೆ ಗೊತ್ತಾಗುತ್ತದೆ. ಕೆನ್ನೆ ಚಪ್ಪಟೆ, ಕೊಕ್ಕಿನ ಬುಡದಲ್ಲಿ ಚಾಕುವಿನ ಒಂದು ಗೀರು. ಅಂಥವು ಒಂಬತ್ತು ಇವೆ. ಆ ಒಂಬತ್ತನ್ನು ನೀರಿಗೆ ಬಿಡಬೇಡಿ, ದಮ್ಮಯ್ಯ. ಅವುಗಳ ತಲೆ, ಮೈ ಎರಡರದ್ದೂ ರಟ್ಟಿನ ಮೇಲೆ ಅಚ್ಚು ತೆಗೆದು ಕಳಿಸಿ. ಅದೇ ಅಳತೆಯಲ್ಲಿ ಹೊಸದು ನಾನು ಮಾಡಿಕೊಡುತ್ತೇನೆ.

ಹಳೇದೋಣಿ

ಒಂಬತ್ತನ್ನು ಮ್ಯೂಸಿಯಂಗೆ ಕೊಡುವುದು ಅಂತ ಆಯಿತು. ಒಂದು ಕಡೆ ಹೋಗಿ ಕೇಳಿದೆ. "ನಮ್ಮಲ್ಲಿ ಈ ಥರದ್ದು ತುಂಬಾ ಇದೆ, ಗೋಡೌನಿನಲ್ಲಿ ಇಡಬೇಕಾಗುತ್ತದೆ" ಅಂದರು. ಗೋಡೌನು ನನ್ನ ಗ್ಯಾರೇಜಿನಲ್ಲೇ ಇದೆಯಲ್ಲ. ಇನ್ನೊಂದು ಕಡೆ ಕೇಳುತ್ತೇನೆ. ಇಲ್ಲದಿದ್ದರೆ ಅಜ್ಜನ ಮಗಳ ಮೊಮ್ಮಕ್ಕಳು ದೊಡ್ಡವರಾಗುವ ತನಕ ನಾನೇ ಕಾಯುತ್ತೇನೆ. ಉಳಿದ 39 ನೀರಿನವೇ. ಹೊಸಬ, ಬರುವ ಶನಿವಾರ ಬಾ. ಕೋವಿ ಇಲ್ಲ. ಮೂಟೆ ಹೊರುವುದು ಮಾತ್ರ.

ಹಳೇದೋಣಿ

ಶನಿವಾರದ ವರದಿ.

ಒಂದು ಡಜನ್ ದೀಹ ತಗೊಂಡು ಹೋದೆವು. ನಾನು ದೋಣಿಯಲ್ಲಿ ಕೂತೆ, ಹುಡುಗ ಇಳಿದ. ಮೊದಲ ದೀಹವನ್ನು ಚೆಂಡಿನ ಹಾಗೆ ಎಸೆದ. ಬೈದೆ. ಮರದ್ದನ್ನು ಎಸೆಯಬಾರದು, ಮಗುವನ್ನು ನೀರಿಗಿಳಿಸುವ ಹಾಗೆ ಇಡಬೇಕು. ಗಾಳಿ ಬೆನ್ನಿಗೆ ಬರುವ ಹಾಗೆ ಕೂತು, ಕೊಕ್ಕೆಯ ಆಕಾರದಲ್ಲಿ ಬಿಟ್ಟು, ನಡುವೆ ಇಳಿಯಲು ಜಾಗ ಖಾಲಿ ಇಡಬೇಕು ಅಂತ ತೋರಿಸಿದೆ. ಎರಡನೇ ಸಲಕ್ಕೆ ಸರಿಯಾಗಿ ಮಾಡಿದ. ಮುಖ ಎತ್ತಿ ಆಕಾಶ ನೋಡಬೇಡ, ಬಿಳಿಚಿಕೊಂಡ ಮುಖ ಹಕ್ಕಿಗೆ ದೂರದಿಂದ ಕಾಣುತ್ತದೆ ಅಂತ ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ಎತ್ತಿದ. ನಾನೂ ಹಾಗೇ ಮಾಡುತ್ತಿದ್ದೆ.

ಬ್ಲೂಬಿಲ್ ಏಳು ಬಂದವು. ಕ್ಯಾನ್ ಒಂದೂ ಇಲ್ಲ. ಈಗ ಹುಲ್ಲು ಎಷ್ಟೋ ಮಟ್ಟಿಗೆ ವಾಪಸ್ ಬಂದಿದೆ, ಒಂದಲ್ಲ ಒಂದು ದಿನ ಬರುತ್ತವೆ ಅಂತ ಹುಡುಗನಿಗೆ ಹೇಳಿದೆ.

ಎತ್ತುವಾಗ ಎಣಿಸಲು ಹೇಳಿದೆ. ಬಿಡುವಾಗ ಒಮ್ಮೆ, ಎತ್ತುವಾಗ ಒಮ್ಮೆ, ಇದು ಅಜ್ಜನ ಕಟ್ಟುನಿಟ್ಟು. ಹನ್ನೊಂದು ಅಂದ. ಮತ್ತೆ ಎಣಿಸು ಅಂದೆ. ಹನ್ನೊಂದೇ. ಕತ್ತಲಾಗುತ್ತಿತ್ತು. "ಹೋಗಲಿ ಬಿಡಿ ಅಂಕಲ್, ಒಂದು ತಾನೇ" ಅಂತಾನೆ ಅಂದುಕೊಂಡೆ. ಅವನು ಏನೂ ಹೇಳದೆ ಟಾರ್ಚ್ ತಗೊಂಡು ಗಾಳಿ ಹೋದ ದಿಕ್ಕಿಗೆ ದಡದ ಗುಂಟ ನಡೆದ. ಮುಕ್ಕಾಲು ಗಂಟೆ ಆದ ಮೇಲೆ ಜೊಂಡಿನ ಒಳಗಿಂದ ಕೂಗಿದ. ದೀಹ ಸಿಕ್ಕಿತ್ತು, ಮಗುಚಿ ಬಿದ್ದಿತ್ತು. ಬಳೆಯ ಹತ್ತಿರ ದಾರ ಲಡ್ಡಾಗಿ ತುಂಡಾಗಿದೆ. ಅಜ್ಜ ಕಟ್ಟಿದ ಹಳೇ ಹತ್ತಿ ದಾರ ಅದು, ನನ್ನದೇ ತಪ್ಪು, ನೋಡಬೇಕಿತ್ತು.

ಉಳಿಸುತ್ತಿಗೆ, 39ಕ್ಕೂ ಹೊಸ ದಾರ ಹಾಕಬೇಕು. ಟಾರ್ ಹಚ್ಚಿದ ನೈಲಾನ್ ಸಾಕಾ? ಯಾವ ನಂಬರ್?

ಉಳಿಸುತ್ತಿಗೆ

36ನೇ ನಂಬರ್ ತಗೊಳ್ಳಿ. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಬಳೆಯಲ್ಲಿ ತುಕ್ಕಿನ ಚೂಪು ಇದ್ದರೆ ಮೊದಲು ಅರದಲ್ಲಿ ಉಜ್ಜಿ. ಹಳೇ ದಾರ ಬಿಸಾಡಬೇಡಿ, ಅಜ್ಜ ಹಾಕಿದ ಗಂಟಿನ ಫೋಟೋ ಬೇಕು ನನಗೆ.

ಹೊಸಬ

ಗಂಟು ನಾನು ಬಿಚ್ಚಿಲ್ಲ. ಹಾಗೇ ಜೇಬಿನಲ್ಲಿ ಇದೆ. ರಾತ್ರಿ ಫೋಟೋ ಹಾಕುತ್ತೇನೆ.